ಕಾರವಾರ ಕ್ಷೇತ್ರವೆಂದರೆ ನಗರವಷ್ಟೇ ಅಲ್ಲ
ಕಾರವಾರ ವಿಧಾನಸಭಾ ಕ್ಷೇತ್ರದಲ್ಲಿ ಗೆದ್ದವರ ಪಟ್ಟಿ ಕೊಟ್ಟ ಲೇಖನವೊಂದು ಅದನ್ನು ನಗರ ಕ್ಷೇತ್ರವೆಂದು ಕರೆದಿರುವುದು ಅರ್ಧ ಸತ್ಯ ಮಾತ್ರ. 2008ರ ಕ್ಷೇತ್ರ ಪುನರ್ವಿಂಗಡಣೆಗೆ ಮುನ್ನ ಅಂಕೋಲಾ ಪ್ರತ್ಯೇಕ ವಿಧಾನಸಭಾ ಕ್ಷೇತ್ರವಾಗಿತ್ತು. 1994ರಿಂದ ಸತತ ಮೂರು ಬಾರಿ ಅಲ್ಲಿಂದ ಗೆದ್ದಿದ್ದ ವಿಶ್ವೇಶ್ವರ ಹೆಗಡೆ ಕಾಗೇರಿಯವರು, ಆ ಕ್ಷೇತ್ರವೇ ಇಲ್ಲವಾದ ಮೇಲೆ ಶಿರಸಿಯಿಂದ ಸ್ಪರ್ಧಿಸಿದರು. ಅಂಕೋಲಾ ಕಾರವಾರ ಕ್ಷೇತ್ರಕ್ಕೆ ಸೇರಿತು. ಅಂದಿನಿಂದ ಕಾಳಿ ನದಿಯಾಚೆ ಸದಾಶಿವಗಡದ ಕೊಂಕಣಿ ಮಾತಿನ ಮನೆಗಳೂ ಅಂಕೋಲೆಯ ಹಾಲಕ್ಕಿ ಒಕ್ಕಲಿಗರ ಕೊಪ್ಪಗಳೂ ಸೇರಿ ಒಬ್ಬರೇ ಶಾಸಕರನ್ನು ಆರಿಸುತ್ತಿವೆ. ಮೀನುಗಾರರಿದ್ದಾರೆ, ಕೈಗಾ ಅಣು ವಿದ್ಯುತ್ ಸ್ಥಾವರದ ನೌಕರರಿದ್ದಾರೆ. ಎಲ್ಲಕ್ಕಿಂತ ಮುಖ್ಯವಾಗಿ, ಸೀಬರ್ಡ್ ನೌಕಾನೆಲೆಗಾಗಿ ಮನೆ, ಗದ್ದೆ, ದೇವಸ್ಥಾನಗಳನ್ನು ಬಿಟ್ಟುಕೊಟ್ಟು ಪುನರ್ವಸತಿ ಕಾಲೊನಿಗಳಿಗೆ ಬಂದು ನೆಲೆಸಿದ ಕಾರವಾರ, ಅಂಕೋಲಾ ಎರಡೂ ತಾಲ್ಲೂಕುಗಳ ಕುಟುಂಬಗಳಿವೆ. ಗೆದ್ದವರ ಪಟ್ಟಿಗೆ ಅಷ್ಟು ಜಾಗ ಕೊಟ್ಟ ಲೇಖಕರು, ಪರಿಹಾರಕ್ಕಾಗಿ ವರ್ಷಗಟ್ಟಲೆ ಅಲೆದ ಈ ಮತದಾರರ ಬಗ್ಗೆ ಒಂದು ಪ್ಯಾರಾವನ್ನಾದರೂ ಬರೆಯಬೇಕಿತ್ತು.