ಬೀಗ ತೆಗೆಯೋದು ಹೇಳಿಕೊಡೋ ಪುಸ್ತಕ ಕಾರಿನೊಳಗೆ!

ಕಳೆದ ವಾರ ಅಮ್ಮನನ್ನು ಹಾಸನದ ಆಸ್ಪತ್ರೆಗೆ ಕರೆದುಕೊಂಡು ಹೋಗಿದ್ದೆ. ವಾಪಸ್ ಬಂದರೆ ಕಾರಿನ ಬಾಗಿಲೇ ತೆಗೆಯುತ್ತಿಲ್ಲ. ರಿಮೋಟ್ ಒತ್ತಿದೆ, ಅಂಗಿಗೆ ಒರೆಸಿ ಮತ್ತೆ ಒತ್ತಿದೆ. ಅದರ ಪುಟ್ಟ ಕೆಂಪು ದೀಪ ಮಿಣುಕಲೂ ಇಲ್ಲ. ಮಟಮಟ ಮಧ್ಯಾಹ್ನ. ಅಮ್ಮ ಮಾತ್ರೆ ಚೀಲ ಹಿಡಿದು, ಸೆರಗು ತಲೆ ಮೇಲೆ ಎಳೆದುಕೊಂಡು ನಿಂತೇ ಇದ್ದರು.

ಸಹಾಯವಾಣಿಯವರು "ಎರಡು ಗಂಟೆ ಆಗುತ್ತೆ ಸರ್" ಅಂದರು. ಕೊನೆಗೆ ನೆರವಾದವರು ಅಲ್ಲೇ ಇದ್ದ ಆಟೋ ಚಾಲಕರು. ರಿಮೋಟ್ ಈಸ್ಕೊಂಡು, ಬದಿಯ ಗುಂಡಿ ಒತ್ತಿ ಎಳೆದರು. ಒಳಗಿಂದ ಲೋಹದ ಕೀ ಬಂತು! ಬಾಗಿಲ ಹಿಡಿಯ ಪಕ್ಕದ ಮುಚ್ಚಳ ಎಬ್ಬಿಸಿದರೆ ಅಲ್ಲೇ ಕೀ ತೂತು. ಬಾಗಿಲು ತೆಗೆದದ್ದೇ ಸೈರನ್ ಬೇರೆ ಕಿರುಚಿತು. ಆಮೇಲೆ ರಿಮೋಟನ್ನೇ ಸ್ಟಾರ್ಟ್ ಬಟನ್‌ಗೆ ತಾಗಿಸಿ ಒತ್ತಿಸಿದರು. ಎಂಜಿನ್ ಶುರುವಾಯಿತು. ರಿಮೋಟ್ ಒಳಗಿನ ಗುರುತಿನ ಚಿಪ್‌ಗೆ ಬ್ಯಾಟರಿಯೇ ಬೇಡ, ಅಷ್ಟು ಹತ್ತಿರ ಹಿಡಿದರೆ ಕಾರೇ ಅದಕ್ಕೆ ಶಕ್ತಿ ಕೊಡುತ್ತದೆ. (ಕೆಲವು ಕಾರುಗಳಲ್ಲಿ ತಾಗಿಸುವ ಜಾಗ ಬೇರೆ.)

ಕಾರು ಕೊಡುವಾಗ ಹಾರ ಹಾಕಿ, ಕೇಕ್ ಕತ್ತರಿಸಿ, ಫೋಟೋ ತೆಗೆಯಲು ಅರ್ಧ ಗಂಟೆ ಇತ್ತು. ಇದನ್ನು ತೋರಿಸಲು ಎರಡು ನಿಮಿಷ ಇರಲಿಲ್ಲವಾ? ಪುಸ್ತಕದಲ್ಲಿ ಬರೆದಿದೆಯಂತೆ. ಆ ಪುಸ್ತಕ ಇರೋದು ಬೀಗ ಹಾಕಿದ ಕಾರಿನ ಡ್ಯಾಶ್‌ಬೋರ್ಡ್ ಒಳಗೆ. ಬಿಸಿಲಲ್ಲಿ ನಿಂತವರಿಗೆ ಅದರಿಂದ ಏನು ಉಪಯೋಗ?

ನನ್ನ ರಿಮೋಟಿಗೆ ಬೇಕಿದ್ದದ್ದು ಸಿಆರ್2032 ಅನ್ನೋ 3 ವೋಲ್ಟ್ ಬಿಲ್ಲೆ ಬ್ಯಾಟರಿ. ವಾಚ್ ರಿಪೇರಿ ಅಂಗಡಿಯಲ್ಲೇ ಸಿಕ್ಕಿತು. ಇನ್ನೊಂದು ಪರ್ಸಿನಲ್ಲಿದೆ. ಅಮ್ಮನಿಗೆ ಇವತ್ತೂ ತಲೆನೋವು ಬಿಟ್ಟಿಲ್ಲ.