ವೈನ್ಸ್‌ಬರ್ಗ್‌ನ ದಿನಚರಿಯ ಇನ್ನೊಂದು ಮುಖ

ಜರ್ಮನಿಯ ಕಲೋನ್ ನಗರದ ದಿನಚರಿಕಾರ ಹೆರ್ಮನ್ ವೈನ್ಸ್‌ಬರ್ಗ್‌ನನ್ನು (1518–1597) ಮನೆವಾರ್ತೆಯನ್ನೇ ಬರೆದಿಟ್ಟ ಸಾಮಾನ್ಯ ಗೃಹಸ್ಥನೆಂದು ಅವನ ಕುರಿತು ನಾನು ಓದಿದ ಲೇಖನವೊಂದು ಬಣ್ಣಿಸಿರುವುದನ್ನು ಒಪ್ಪುವುದು ನನಗೆ ಕಷ್ಟವಾಗಿದೆ. ಕಾನೂನು ಓದಿ, ನಗರಸಭೆಯ ಸದಸ್ಯನಾಗಿ, ದ್ರಾಕ್ಷಾರಸದ ವ್ಯಾಪಾರವನ್ನೂ ನಡೆಸಿದ ಆತ 1560ರ ಸುಮಾರಿಗೆ ಆರಂಭಿಸಿದ ಬರವಣಿಗೆಯನ್ನು ಜೀವನದ ಕೊನೆಯವರೆಗೂ ಬಿಡಲಿಲ್ಲ. ತಾರುಣ್ಯ, ವೃದ್ಧಾಪ್ಯ, ಕಡುಮುಪ್ಪು ಎಂದು ತನ್ನ ವಯಸ್ಸಿನ ಹೆಸರಿನಲ್ಲೇ ಮೂರು ಭಾಗ ಮಾಡಿದ ಆ ಹೊತ್ತಗೆಗಳಲ್ಲಿ ಉಟ್ಟ ಬಟ್ಟೆ, ಮನೆಯ ಕೋಣೆಗಳು, ದೇಹದ ನೋವು, ದ್ರಾಕ್ಷಾರಸದ ಬೆಲೆ, ಹವಾಮಾನ, ಸಭೆಯ ಕಲಹ, 1583ರಲ್ಲಿ ಕ್ಯಾಥೊಲಿಕರು ಮತ್ತು ಪ್ರೊಟೆಸ್ಟೆಂಟರ ನಡುವೆ ಆರಂಭವಾದ ಕಲೋನ್ ಯುದ್ಧ ಎಲ್ಲವೂ ಒಂದರ ಪಕ್ಕ ಒಂದು ಕೂತಿವೆ. ಹೀಗೆ ಎಲ್ಲವೂ ಅಕ್ಕಪಕ್ಕ ಕೂತಿರುವುದೇ ಆ ದಿನಚರಿಯ ಮೌಲ್ಯ ಎಂಬುದು ನನ್ನ ದೃಢ ಅಭಿಪ್ರಾಯ. ಯುದ್ಧವು ಬೀದಿಯ ಸಾಮಾನ್ಯ ಮನೆಯೊಳಗೆ ಹೇಗೆ ಕಾಣುತ್ತಿತ್ತೆಂಬುದು ಅಧಿಕೃತ ದಾಖಲೆಗಳಲ್ಲಿ ಸಿಗುವುದು ಅಪರೂಪ.

ಎರಡು ಬಾರಿಯೂ ವಿಧವೆಯರನ್ನೇ ಮದುವೆಯಾಗಿ, ಆ ದಾಂಪತ್ಯಗಳಲ್ಲಿ ಮಕ್ಕಳಿಲ್ಲದೆ ಉಳಿದ ಆತ, ವೈನ್ಸ್‌ಬರ್ಗ್ ಮನೆತನದ ಮುಂದಿನ ಯಜಮಾನನಿಗೆಂದೇ ಇದನ್ನು ಬರೆದ ಕಾರಣ ಮುಚ್ಚುಮರೆಯಿಲ್ಲ. (ಓದುಗರನ್ನು ಮೆಚ್ಚಿಸಲೆಂದು ಬರೆದ ವೃತ್ತಾಂತಗಳಲ್ಲಿ ಈ ನೇರತನ ಬರುವುದಿಲ್ಲ.) 19ನೇ ಶತಮಾನದಲ್ಲಷ್ಟೇ ವಿದ್ವಾಂಸರ ಗಮನಕ್ಕೆ ಬಂದ ಈ ಹಸ್ತಪ್ರತಿಗಳ ಆಶ್ರಯವಾದ ಕಲೋನ್ ನಗರ ಪತ್ರಾಗಾರವು 2009ರ ಮಾರ್ಚ್ 3ರಂದು ಕುಸಿದುಬಿದ್ದ ಸಂಗತಿಯನ್ನೂ ಆ ಲೇಖನದ ಲೇಖಕರು ಸೇರಿಸಬೇಕಿತ್ತು.