ಬದುಕಿದ್ದೀರಾ? ಪುರಾವೆ ತೋರಿಸಿ

ನವೆಂಬರ್ ಬಂತು ಅಂದ್ರೆ ನಮ್ಮ ಮನೆಯಲ್ಲಿ ಎರಡು ಹಬ್ಬ. ಒಂದು ರಾಜ್ಯೋತ್ಸವ, ಇನ್ನೊಂದು ನಮ್ಮ ಸೋದರತ್ತೆ ಇನ್ನೂ ಬದುಕಿದ್ದಾರೆ ಅಂತ ಸಾಬೀತು ಮಾಡುವುದು. ಅತ್ತೆಗೆ 82. ಮಾವ ಮೇಷ್ಟ್ರಾಗಿದ್ದವರು, ಅವರ ಕುಟುಂಬ ಪಿಂಚಣಿ ಬರುತ್ತದೆ. ಅದು ನಿಲ್ಲಬಾರದು ಅಂದ್ರೆ ವರ್ಷಕ್ಕೊಮ್ಮೆ ಜೀವಿತ ಪ್ರಮಾಣಪತ್ರ ಕೊಡಲೇಬೇಕು.

ಈ ಸಲ ಬ್ಯಾಂಕಿಗೆ ನಾನೇ ಕರೆದುಕೊಂಡು ಹೋದೆ. ಮೆಟ್ಟಿಲು ಹತ್ತಿ ಅತ್ತೆ ಏದುಸಿರು ಬಿಡುತ್ತಾ ಕೂತರು. ಕೌಂಟರಿನ ಹುಡುಗ ಒಳ್ಳೆಯವನು, ನೀರು ತಂದುಕೊಟ್ಟ, "ಹುಷಾರಾಗಿದ್ದೀರಾ ಅಜ್ಜಿ?" ಅಂತ ಕೇಳಿದ. ಆಮೇಲೆ, ಅಜ್ಜಿ ಬದುಕಿದ್ದಾರೋ ಇಲ್ಲವೋ ನೋಡಲು ಬೆರಳಚ್ಚಿನ ಯಂತ್ರ ತೆಗೆದ.

ಯಂತ್ರ ಒಪ್ಪಲಿಲ್ಲ. ಅರವತ್ತು ವರ್ಷ ಪಾತ್ರೆ ತಿಕ್ಕಿ, ಬಟ್ಟೆ ಒಗೆದು ಗೆರೆಯೆಲ್ಲ ಸವೆದುಹೋದ ಬೆರಳು ಅವು. ಸೆರಗಿಗೆ ಒರೆಸಿ ಒತ್ತಿದರು, ಹುಡುಗ ಮೇಲಿಂದ ಅದುಮಿದ, ಹತ್ತೂ ಬೆರಳು ಮುಗಿದವು. ಸರಿ, ಮುಖ ನೋಡುವ ಆ್ಯಪ್ ತೆಗೆದ. "ಅಜ್ಜಿ, ಕಣ್ಣು ಮಿಟುಕಿಸಿ."

"ಈ ವಯಸ್ಸಲ್ಲಿ ಹುಡುಗರಿಗೆ ಕಣ್ಣು ಹೊಡೀಬೇಕಾ?" ಅಂದರು ಅತ್ತೆ.

ಅಷ್ಟರಲ್ಲೇ ಮುಂದಿನ ಪ್ರಶ್ನೆ ಬಂತು: ಮರುಮದುವೆ ಆಗಿದ್ದೀರಾ? ಹುಡುಗ ತಲೆ ತಗ್ಗಿಸಿಕೊಂಡೇ ಕೇಳಿದ, ಪಾಪ. ಅತ್ತೆ ಸ್ವಲ್ಪ ಯೋಚನೆ ಮಾಡಿದವರ ಹಾಗೆ ಸುಮ್ಮನಿದ್ದು, "ಇನ್ನೂ ಇಲ್ಲಪ್ಪ" ಅಂದರು.

ನನಗೆ ಮಜಾ ಅನ್ನಿಸುವುದು ಕಾನೂನಿನ ಲೆಕ್ಕ. ಮನುಷ್ಯ ಕಾಣೆಯಾದರೆ, ಅವನ ಸುದ್ದಿ ಗೊತ್ತಿರಬೇಕಾದವರಿಗೇ ಏಳು ವರ್ಷ ಏನೂ ಗೊತ್ತಾಗದಿದ್ದರೆ, ಆಗ ಮಾತ್ರ ಸತ್ತಿದ್ದಾನೆ ಅಂತ ಕೋರ್ಟು ಭಾವಿಸುತ್ತದೆ. ಇದು 1872ರ ಸಾಕ್ಷ್ಯ ಕಾಯ್ದೆಯಲ್ಲೂ ಇತ್ತು, 2023ರ ಹೊಸದರಲ್ಲೂ ಇದೆ. ಅಂದ್ರೆ ಮನೆ ಬಿಟ್ಟು ಓಡಿಹೋದವನಿಗೆ ಏಳು ವರ್ಷ ವಾಯಿದೆ. ಅದೇ ವಿಳಾಸದಲ್ಲಿ ಅದೇ ಕುರ್ಚಿಯಲ್ಲಿ ಕೂತಿರುವ ಅತ್ತೆಗೆ ನವೆಂಬರ್ 30ರವರೆಗೆ.

ಕಾಗದದಲ್ಲಿ ಒಮ್ಮೆ ಸತ್ತರೆ ಎದ್ದು ಬರುವುದು ಕಷ್ಟ ಕಣ್ರೀ. ಉತ್ತರ ಪ್ರದೇಶದ ಆಜಮ್‌ಗಢದ ಲಾಲ್ ಬಿಹಾರಿ ದಾಖಲೆಯಲ್ಲಿ ಸತ್ತುಹೋಗಿದ್ದರು, ಜಮೀನು ನೆಂಟರ ಹೆಸರಿಗೆ ಹೋಗಿತ್ತು. ಬದುಕಿದ್ದೇನೆ ಅಂತ ತೋರಿಸಲು ಚುನಾವಣೆಗೆ ನಿಂತರು, ಹೆಂಡತಿಗೆ ವಿಧವಾ ಪಿಂಚಣಿ ಕೊಡಿ ಅಂತ ಅರ್ಜಿಯನ್ನೂ ಹಾಕಿದರು. ಕೊನೆಗೆ 1994ರಲ್ಲಿ ಸರ್ಕಾರ ಅವರಿಗೆ ಜೀವ ಕೊಟ್ಟಿತು. ಅಮೆರಿಕದ ಒಹಾಯೋದಲ್ಲಿ 2013ರಲ್ಲಿ ಒಬ್ಬರು ಜಡ್ಜ್ ಎದುರೇ ನಿಂತು ನಾನು ಬದುಕಿದ್ದೇನೆ ಅಂದರು. ಸತ್ತಿದ್ದಾರೆ ಅಂತ ಹಿಂದೆ ಕೋರ್ಟು ಕೊಟ್ಟಿದ್ದ ಆದೇಶ ರದ್ದು ಮಾಡಲು ಮೂರು ವರ್ಷದ ಗಡುವಿತ್ತು, ಅದು ಮೀರಿದೆ, ಆದ್ದರಿಂದ ನೀವು ಸತ್ತವರೇ ಅಂತ ತೀರ್ಪಾಯಿತು. ಟೋಕಿಯೋದಲ್ಲಿ ಉಲ್ಟಾ. ನಗರದಲ್ಲೇ ಹಿರಿಯ ಗಂಡಸು ಅಂತ ಪಟ್ಟಿಯಲ್ಲಿದ್ದ 111ರ ಅಜ್ಜನಿಗೆ ಶುಭ ಹಾರೈಸಲು 2010ರಲ್ಲಿ ಅಧಿಕಾರಿಗಳು ಹೋದರೆ, ಅಜ್ಜ ತೀರಿಕೊಂಡು ಸುಮಾರು ಮೂವತ್ತು ವರ್ಷವಾಗಿತ್ತು. ಪಿಂಚಣಿ ಮಾತ್ರ ಬರುತ್ತಲೇ ಇತ್ತು. ಇಂಥವರಿಂದಲೇ ನಮ್ಮತ್ತೆ ಮೆಟ್ಟಿಲು ಹತ್ತಬೇಕು, ಅದೂ ಗೊತ್ತು. ಆದರೂ ಬ್ಯಾಂಕಿನವರೇ ಮನೆಗೆ ಬಂದು ಒಂದು ಲೋಟ ಕಾಫಿ ಕುಡಿದು ನೋಡಿಹೋಗಬಹುದಲ್ವಾ?

ನಾಲ್ಕನೇ ಸಲ ಅತ್ತೆಯ ಕಣ್ಣು ಮಿಟುಕಿದ್ದು ಆ್ಯಪ್‌ಗೆ ಕಂಡಿತು. ಮೊಬೈಲಿಗೆ ಮೆಸೇಜ್ ಬಂತು.

"ಏನಂತೋ?" ಅಂದರು ಅತ್ತೆ.

"ಬದುಕಿದ್ದೀರಂತೆ."

"ಎಲ್ಲೀವರೆಗೆ?"

"ಮುಂದಿನ ನವೆಂಬರ್‌ವರೆಗೆ."

"ಹಂಗಾದ್ರೆ ಲ್ಯಾಮಿನೇಷನ್ ಮಾಡಿಸಿಬಿಡು."